ಆರು ತೋಟೆಯ ರಿವಾಲ್ವರ್: ಇಟ್ಟುಕೊಂಡವನ ಅನುಭವ

"ನಿಮ್ಮತ್ರ ರಿವಾಲ್ವರ್ ಇದೆಯಂತಲ್ಲ, ಹಂದಿಗೆ ಆಗ್ತದಾ?" ಸೊಸೈಟಿಯಲ್ಲಿ, ಮದುವೆಮನೆಯಲ್ಲಿ ಸಿಕ್ಕವರು ನನಗೆ ಕೇಳುವ ಪ್ರಶ್ನೆ ಇದು.

ಆಗುವುದಿಲ್ಲ. ನಳಿಗೆ ಇರುವುದೇ ಮೂರು ಇಂಚು. ಕತ್ತಲೆಯಲ್ಲಿ ಹತ್ತು ಮಾರು ದೂರದ ಬಾಳೆಗಿಡಕ್ಕೂ ನನ್ನ ಗುರಿ ತಾಗೀತೆಂಬ ಭರವಸೆಯಿಲ್ಲ. 1959ರ ಆಯುಧ ಕಾಯ್ದೆಯೂ ಬೆಳೆ ರಕ್ಷಣೆಗೆಂದು ಹೆಸರಿಸುವುದು ಮದ್ದು ಜಡಿಯುವ ಕೋವಿಯನ್ನು. ರಿವಾಲ್ವರಿಗೆ ಬೇರೆ ಕಾರಣ ತೋರಿಸಬೇಕು. ಅಲ್ಲದೆ ಹಂದಿ, ಮಂಗಗಳು 1972ರ ವನ್ಯಜೀವಿ ಕಾಯ್ದೆಯೊಳಗೆ ಬರುವವು.

ಮತ್ತೆ ನಾನ್ಯಾಕೆ ತಗೊಂಡೆ? ಹೆದರಿಕೆಯಿಂದ. ತೀರ್ಥಹಳ್ಳಿ ಕಡೆಯ ನಮ್ಮದು ಒಂಟಿಮನೆ. ಪಕ್ಕದೂರಿನ ಇಂಥದೇ ಮನೆಗೆ ಅಡಿಕೆ ದುಡ್ಡು ಬಂದ ವಾರದಲ್ಲೇ ಕಳ್ಳರು ನುಗ್ಗಿದ್ದರು. 2003ರಲ್ಲಿ ಅರ್ಜಿ ಹಾಕಿ, ಪೊಲೀಸ್ ವರದಿಯಾಗಿ, ಡಿ.ಸಿ. ಕಚೇರಿಗೆ ಓಡಾಡಿ ಲೈಸೆನ್ಸ್ ಪಡೆದೆ.

ಸಾಮಾನು ಹೇಗಿದೆ?

ಕಾನ್ಪುರದ ಸರಕಾರಿ ಕಾರ್ಖಾನೆಯ .32 ಬೋರಿನದು. ಮೂಲ ಹಳೇ ಬ್ರಿಟಿಷ್ ವೆಬ್ಲಿ ಮಾದರಿ. ಪಕ್ಕದ ಚಿಲಕ ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಖಾಲಿ ತೋಟೆಗಳು ಒಟ್ಟಿಗೆ ಮೇಲೇಳುತ್ತವೆ. ಗಟ್ಟಿಮುಟ್ಟು. ಇಷ್ಟು ವರ್ಷದಲ್ಲಿ ಒಂದು ಸ್ಪ್ರಿಂಗೂ ಹೋಗಿಲ್ಲ.

ಇದಕ್ಕೆ ಡಬಲ್ ಆ್ಯಕ್ಷನ್ ಅನ್ನುತ್ತಾರೆ. ಹಿಂದಿನ ಹ್ಯಾಮರನ್ನು ಹೆಬ್ಬೆರಳಲ್ಲಿ ಎಳೆದು ನಿಲ್ಲಿಸಿಕೊಂಡರೆ ಟ್ರಿಗರ್ ಬಲು ಹಗುರ, ಮುಟ್ಟಿದರೆ ಸಾಕು ಹಾರುತ್ತದೆ. ಹಾಗೆ ಮಾಡದೆ ಬರೀ ಟ್ರಿಗರ್ ಎಳೆದರೂ ಹಾರುತ್ತದೆ. ಆಗ ಹ್ಯಾಮರ್ ಏಳಿಸುವುದು, ತೋಟೆಯ ಉರುಳೆ ತಿರುಗಿಸುವುದು ಎಲ್ಲಾ ಆ ಒಂದೇ ಬೆರಳಿನ ಕೆಲಸ. ಬಹಳ ಬಿರುಸು. ಮೊದಮೊದಲು ಈ ಬಿರುಸನ್ನು ನಾನು ಬಯ್ದುಕೊಂಡದ್ದುಂಟು.

ಆ ರಾತ್ರಿ

2009ರ ಆಷಾಢ. ಮಳೆ ಹೊಡೀತಿತ್ತು. ಕರೆಂಟಿಲ್ಲ, ಫೋನ್ ಸತ್ತಿತ್ತು. ರಾತ್ರಿ ಒಂದು ಗಂಟೆಗೆ ನಾಯಿ ಒಂದೇ ಸಮ ಕೂಗಿತು. ಅಂಗಳದಲ್ಲಿ ಯಾರೋ ಓಡಿಬಂದ ಸದ್ದು, ಬಾಗಿಲಿಗೆ ದಬದಬ ಬಡಿತ. ಮಳೆಯಲ್ಲಿ ಮಾತು ಕೇಳುತ್ತಿರಲಿಲ್ಲ. ನಾನು ಪಕ್ಕದ ಬಾಗಿಲಿಂದ ಜಗಲಿಗೆ ಬಂದೆ. ಮೂರು ಮಾರು ದೂರದಲ್ಲಿ ಕಂಬಳಿ ಕೊಪ್ಪೆ ಹಾಕಿದ ಆಕೃತಿ, ಕೈಯಲ್ಲಿ ಉದ್ದದ್ದೇನೋ. ಅದು ನನ್ನ ಕಡೆ ತಿರುಗಿತು.

ನಾನು ಟ್ರಿಗರ್ ಎಳೆಯಲು ಶುರು ಮಾಡಿಯಾಗಿತ್ತು. ಹ್ಯಾಮರ್ ಏಳುವುದು ಕೈಗೆ ಗೊತ್ತಾಗುತ್ತಿತ್ತು.

"ಮಾವಾ, ನಾನು! ಅಪ್ಪಯ್ಯಂಗೆ ಎದೆನೋವು, ಜೀಪು ಬೇಕಿತ್ತು!"

ಆಚೆಮನೆಯ ಹುಡುಗ. ಹದಿನೇಳು ವರ್ಷ. ಕೈಯಲ್ಲಿದ್ದದ್ದು ಸಂಕ ದಾಟಲು ಹಿಡಿದ ಬಡಿಗೆ. ಬೆರಳು ಸಡಿಲ ಬಿಟ್ಟೆ, ಹ್ಯಾಮರ್ ಮೆಲ್ಲಗೆ ಹಿಂದೆ ಕೂತಿತು. ಅವನಪ್ಪನನ್ನು ಆಸ್ಪತ್ರೆಗೆ ಮುಟ್ಟಿಸಿದೆವು, ಬದುಕಿಕೊಂಡರು. ಜೀಪಿನ ಉಪಕಾರವನ್ನು ಇವತ್ತಿಗೂ ನೆನೆಯುತ್ತಾರೆ. ಉಳಿದರ್ಧ ಕತೆ ಅವರಿಗೆ ಗೊತ್ತಿಲ್ಲ.

ಆ ದಿನ ಹ್ಯಾಮರ್ ಎಳೆದು ನಿಲ್ಲಿಸಿಕೊಂಡೇ ಹೋಗಿದ್ದರೆ? ಆ ಯೋಚನೆ ಈಗಲೂ ನಿದ್ದೆ ಕೆಡಿಸುತ್ತದೆ. ಹುಡುಗನನ್ನು ಉಳಿಸಿದ್ದು ನನ್ನ ಜಾಣತನವಲ್ಲ, ಟ್ರಿಗರಿನ ಬಿರುಸು. ಮರುದಿನ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು: "ಮೊದಲು ಅಂಗಳಕ್ಕೊಂದು ದೀಪ ಹಾಕಿಸಿ."

ಹಾಕಿಸಿದೆ, ಸೋಲಾರಿನದು. ನಿಜ ಹೇಳಬೇಕೆಂದರೆ ಹೆದರಿಕೆ ಕಡಿಮೆ ಮಾಡಿದ್ದು ಆ ದೀಪವೇ.

ಇಟ್ಟುಕೊಂಡವರಿಗೆ ನಾಲ್ಕು ಮಾತು

* ಕೈಗೆತ್ತಿದಾಗಲೆಲ್ಲ ತೆರೆದು ಆರೂ ಕುಳಿ ನೋಡಿ. "ಖಾಲಿ ಇದೆ" ಅಂತ ನೆನಪಿನ ಮೇಲೆ ನಂಬಬೇಡಿ.

* ಚರ್ಮದ ಚೀಲದಲ್ಲಿಡಬೇಡಿ. ಚರ್ಮ ನಮ್ಮ ಮಳೆಗಾಲದ ಥಂಡಿ ಹೀರಿ ತುಕ್ಕು ಹಿಡಿಸುತ್ತದೆ. ತೆಳ್ಳಗೆ ಮೆಷಿನ್ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗುತ್ತದೆ.

* ತೋಟೆ ಬೇರೆ, ರಿವಾಲ್ವರ್ ಬೇರೆ ಬೀಗದಲ್ಲಿರಲಿ. ಮಕ್ಕಳಿಗೆ ಬೀಗದಕೈ ಇರುವ ಜಾಗ ಗೊತ್ತಾಗಬಾರದು.

* ಮೊದಲು ಟಾರ್ಚು, ಆಮೇಲೆ "ಯಾರು?" ಎಂಬ ಮಾತು. ಬೆರಳು ಟ್ರಿಗರಿನ ಹೊರಗೆ.

ಲೈಸೆನ್ಸ್ ಮೊದಲು ಮೂರು ವರ್ಷಕ್ಕಿತ್ತು, 2019ರ ತಿದ್ದುಪಡಿಯಿಂದ ಐದಾಗಿದೆ. ಚುನಾವಣೆ ಬಂದಾಗ ಠಾಣೆಗೆ ಒಯ್ದು ಒಪ್ಪಿಸುವ ತಿರುಗಾಟವೂ ಉಂಟು. ನನ್ನ ಮಗನಿಗೆ ಇದು ಬೇಡವಂತೆ. ಮುಂದಿನ ನವೀಕರಣದ ಹೊತ್ತಿಗೆ ಲೈಸೆನ್ಸ್ ಇರುವ ಅಂಗಡಿಗೆ ಕೊಟ್ಟುಬಿಡುವುದೆಂದು ತೀರ್ಮಾನಿಸಿದ್ದೇನೆ.

ರಿವಾಲ್ವರ್ ತಗೊಳ್ಳಲೇ ಎಂದು ಕೇಳುವ ಒಂಟಿಮನೆಯವರಿಗೆ ನನ್ನ ಉತ್ತರ ಇಷ್ಟೆ: ಮೊದಲು ಅಂಗಳಕ್ಕೆ ದೀಪ ಹಾಕಿಸಿ, ಒಂದು ಮಳೆಗಾಲ ಕಳೆಯಿರಿ. ಆಮೇಲೂ ಬೇಕೆನಿಸಿದರೆ ಮಾತಾಡುವ.