ಹುಟ್ಟುವಾಗಲೇ ಕಣ್ಣಿನಲ್ಲಿರುವ ಸೀಳು

ತುಂಬುಗರ್ಭಿಣಿ ಗ್ರಹಣದಲ್ಲಿ ಹೊರಗೆ ಬಂದಳು, ಕತ್ತರಿ ಹಿಡಿದಳು. ಅದಕ್ಕೇ ಕೂಸಿನ ಕಣ್ಣು ಹೀಗಾಯಿತು ಎಂಬ ಮಾತನ್ನು ನಮ್ಮ ಹಳ್ಳಿಗಳಲ್ಲಿ ಕೇಳದವರು ವಿರಳ. ಈ ಮಾತು ಸುಳ್ಳು. ಬಾಣಂತಿಯ ಮನಸ್ಸನ್ನು ನೋಯಿಸುವುದಲ್ಲದೆ ಅದರಿಂದ ಬೇರೆ ಪ್ರಯೋಜನವಿಲ್ಲ.

ಕೆಲವು ಶಿಶುಗಳ ಕಣ್ಣಿನ ಕರಿಯ ಪಾಪೆಯು ದುಂಡಗಿರದೆ, ಕೆಳಭಾಗದಲ್ಲಿ ಕೀಲಿಯ ರಂಧ್ರದಂತೆ ಸೀಳಿಕೊಂಡಿರುತ್ತದೆ. ಇದಕ್ಕೆ ವೈದ್ಯರು ಕೊಲೊಬೋಮಾ ಎನ್ನುತ್ತಾರೆ. ಗರ್ಭದಲ್ಲಿ ಕಣ್ಣು ರೂಪುಗೊಳ್ಳುವಾಗ ಅದರ ಕೆಳಬದಿಯಲ್ಲಿ ಒಂದು ಬಿರುಕಿರುತ್ತದೆ. ಸುಮಾರು 5ರಿಂದ 7ನೆಯ ವಾರದೊಳಗೆ ಅದರ ಅಂಚುಗಳು ಕೂಡಿಕೊಳ್ಳಬೇಕು. ಕೂಡದಿದ್ದರೆ ಆ ಸ್ಥಳದಲ್ಲಿ ಅಂಗಾಂಶವೇ ಬೆಳೆಯದೆ ಉಳಿಯುತ್ತದೆ. ತಾನು ಗರ್ಭಿಣಿಯೆಂಬುದು ಎಷ್ಟೋ ತಾಯಂದಿರಿಗೆ ತಿಳಿಯುವ ಮೊದಲೇ ಇದು ನಡೆದುಹೋಗಿರುತ್ತದೆ. ಹೀಗಿರುವಾಗ ತುಂಬುಗರ್ಭದಲ್ಲಿ ಬಂದ ಗ್ರಹಣಕ್ಕೂ ಇದಕ್ಕೂ ಏನು ಸಂಬಂಧ?

ಹೊರಗೆ ಕಾಣುವ ಸೀಳಿಗಿಂತ ಒಳಗಿನ ಕಾಣದ ಸೀಳು ಹೆಚ್ಚು ಮುಖ್ಯವಾದುದು. ಪಾಪೆಯ ಸುತ್ತಲಿನ ಬಣ್ಣದ ಪರದೆಯಲ್ಲಿ ಮಾತ್ರ ದೋಷವಿದ್ದರೆ ದೃಷ್ಟಿಯು ಚೆನ್ನಾಗಿಯೇ ಇರಬಹುದು. ಬಿಸಿಲು ಸ್ವಲ್ಪ ಹೆಚ್ಚು ಬಾಧಿಸೀತು. ಹಿಂದಿನ ಅಕ್ಷಿಪಟಲಕ್ಕೂ ದೃಷ್ಟಿನರಕ್ಕೂ ಅದು ಹಬ್ಬಿದ್ದರೆ ದೃಷ್ಟಿ ಕುಂದುತ್ತದೆ. ಆದುದರಿಂದ ನೇತ್ರವೈದ್ಯರು ಔಷಧಿ ಹಾಕಿ, ಪಾಪೆಯನ್ನು ಅಗಲಿಸಿ, ಒಳಗನ್ನು ಪರೀಕ್ಷಿಸಲೇಬೇಕು. ಕೆಲವು ಮಕ್ಕಳಲ್ಲಿ ಹೃದಯ ಮತ್ತು ಕಿವಿಯ ದೋಷಗಳೂ ಜೊತೆಗಿರುವುದುಂಟು.

ಕೃಷ್ಣೆಯಾಚೆಯ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳು ಆಲಮಟ್ಟಿಯ ಸುತ್ತಿನ ಹಿರಿಯರಿಗೆ ನೆನಪಿರಬಹುದು. ಪೊರೆ ತೆಗೆಸಿಕೊಂಡು ಮರಳಿ ಕಂಡವರನ್ನು ಬಲ್ಲವರು 'ಇದಕ್ಕೂ ಆಪರೇಷನ್ ಮಾಡಿಸಿದರಾಯಿತು' ಎನ್ನುವುದು ಸಹಜ. ಪೊರೆಯನ್ನು ತೆಗೆಯಬಹುದು, ಇಲ್ಲದ ಅಂಗಾಂಶವನ್ನು ತಂದು ತುಂಬಲಾಗದು. ಆದರೆ ಕನ್ನಡಕ ಕೊಡುವುದು, ಮಂದವಾದ ಕಣ್ಣು ಬಳಕೆಗೆ ಬರಲೆಂದು ಒಳ್ಳೆಯ ಕಣ್ಣಿಗೆ ದಿನಕ್ಕೆ ಕೆಲವು ಹೊತ್ತು ಪಟ್ಟಿ ಕಟ್ಟುವುದು, ಇವು ಎಳೆಯ ವಯಸ್ಸಿನಲ್ಲಿಯೇ ಹೆಚ್ಚು ಫಲಿಸುತ್ತವೆ. ಮಗು ದೊಡ್ಡದಾಗಲಿ ಎಂದು ಕಾಯುತ್ತ ಕುಳಿತರೆ ಆ ಕಾಲ ಮೀರುತ್ತದೆ. ಮುಂದೆ ಎಂದಾದರೂ ಕಣ್ಣೆದುರು ಮಿಂಚಿದಂತೆ, ಪರದೆ ಇಳಿದಂತೆ ಕಂಡರೆ ಅಕ್ಷಿಪಟಲ ಕಳಚುತ್ತಿರಬಹುದು. ಅದೇ ದಿನ ಆಸ್ಪತ್ರೆಗೆ ಹೊರಡಿರಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ತಪಾಸಣೆಯು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತದೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿರಿ.

ಕೆಲವು ಮನೆತನಗಳಲ್ಲಿ ಈ ದೋಷ ತಂದೆ ಅಥವಾ ತಾಯಿ ಒಬ್ಬರಿಂದಲೇ ಬರುತ್ತದೆ. ತಮ್ಮ ಕಣ್ಣಿನೊಳಗೆ ಸಣ್ಣ ಸೀಳಿರುವುದು ಅವರಿಗೇ ತಿಳಿದಿರುವುದಿಲ್ಲ. ಮತ್ತೆ ಕೆಲವೆಡೆ ಇಬ್ಬರಲ್ಲಿಯೂ ಅಡಗಿದ್ದ ದೋಷ ಮಗುವಿನಲ್ಲಿ ಕೂಡಿ ಕಾಣಿಸಿಕೊಳ್ಳುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವಂಥ ಮದುವೆಗಳಲ್ಲಿ ಇದರ ಸಂಭವ ಹೆಚ್ಚು. ಮನೆತನದಲ್ಲಿ ಯಾರಿಗೂ ಇಲ್ಲದೆ ಬರುವುದೂ ಉಂಟು. ಮುಂದಿನ ಗರ್ಭಕ್ಕೆ ಮೊದಲು ಗಂಡ ಹೆಂಡಿರಿಬ್ಬರೂ ಕಣ್ಣು ತೋರಿಸಿಕೊಳ್ಳಬೇಕು, ಸೊಸೆಯೊಬ್ಬಳೇ ಅಲ್ಲ. ವೈದ್ಯರ ಸಲಹೆ ದೊರೆಯುವವರೆಗೆ ಗರ್ಭವನ್ನು ಮುಂದೂಡುವ ಯಾವ ವಿಧಾನ ನಿಮಗೆ ಹೊಂದುತ್ತದೆಂಬುದನ್ನು ಊರಿನ ಆರೋಗ್ಯ ಸಹಾಯಕಿಯವರಲ್ಲಿ ಕೇಳಿ ತಿಳಿಯಿರಿ.