ಚಹಾ ನಮ್ಮದಾದ ಬಗೆ

ಚಹಾ ಭಾರತದ ಪುರಾತನ ಪಾನೀಯ ಅಂದುಕೊಂಡಿದ್ದೀರಾ? ನೂರು ವರ್ಷದ ಹಿಂದೆ ನಮ್ಮ ಬಹುಪಾಲು ಮನೆಗಳಲ್ಲಿ ಅದು ಇರಲೇ ಇಲ್ಲ!

ಅಸ್ಸಾಮಿನ ಬ್ರಿಟಿಷ್ ತೋಟಗಳ ಎಲೆ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. 1903ರಲ್ಲಿ ಸರ್ಕಾರ ರಫ್ತಿನ ಚಹಾಕ್ಕೆ ಸೆಸ್ ಹಾಕಿತು. ಆ ದುಡ್ಡು ಪ್ರಚಾರಕ್ಕೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಚಹಾ ಮಾರಾಟವಾಗದೆ ಉಳಿದಾಗ ವ್ಯಾಪಾರಿಗಳ ಕಣ್ಣು ನಮ್ಮ ಮೇಲೆ ಬಿತ್ತು. ರೈಲ್ವೆ ನಿಲ್ದಾಣಗಳಲ್ಲಿ ಎನಾಮಲ್ ಫಲಕ, ಬೀದಿಯಲ್ಲಿ ಪುಕ್ಕಟೆ ಚಹಾ, ಮನೆಮನೆಗೆ ಬಂದು ಮಾಡಿ ತೋರಿಸುವವರು.

ನನಗೆ ತುಂಬ ಇಷ್ಟವಾಗುವುದು ಮುಂದಿನ ಕಥೆ. ಎಲೆ ಧಾರಾಳವಾಗಿರಲಿ, ಹಾಲು ಮಿತವಾಗಿರಲಿ ಎಂದು ಆ ಪ್ರಚಾರಕರು ಕಲಿಸಿದರೆ, ನಮ್ಮ ಅಂಗಡಿಯವರು ತದ್ವಿರುದ್ಧ ಮಾಡಿದರು. ಹಾಲು ಸುರಿದರು, ಶುಂಠಿ ಜಜ್ಜಿದರು, ಏಲಕ್ಕಿ ಹಾಕಿ ಕುದಿಸಿದರು. ಸ್ವಾತಂತ್ರ್ಯದ ನಂತರ ಅಗ್ಗದ ಸಿಟಿಸಿ ಪುಡಿ, ಅಂದರೆ ಯಂತ್ರದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿದ ಚಹಾ, ಹರಡಿತು. ಚಿಟಿಕೆ ಹಾಕಿದರೂ ಕಡುಬಣ್ಣ. ಕೂಲಿಕಾರರಿಗೂ ಎಟಕುವ ಬೆಲೆ.