ಅಂಜುದೀವ್: ಗೋವಾ ವಿಮೋಚನೆಗೆ ಒಂದು ದಿನ ಮೊದಲು



ಡಿಸೆಂಬರ್ 4ರ ನೌಕಾದಿನ ಮುಂಬಯಿ ಸೀಮೆಯ ನಮಗೆಲ್ಲ ಗೊತ್ತು. ಡಿಸೆಂಬರ್ 16ರ ವಿಜಯ ದಿನವೂ ಗೊತ್ತು. ಡಿಸೆಂಬರ್ 19 ಬಂದರೆ ಗೋವಾ ವಿಮೋಚನೆಯ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಇವುಗಳ ನಡುವೆ ಡಿಸೆಂಬರ್ 18 ಮಾತ್ರ ಸದ್ದಿಲ್ಲದೆ ಬಂದು ಹೋಗುತ್ತದೆ. 1961ರ ಆ ದಿನ ಭಾರತೀಯ ನೌಕಾಪಡೆಯ ನಾವಿಕರು ದೋಣಿಗಳಲ್ಲಿ ಹೊರಟು, ಕಾರವಾರದ ಎದುರಿಗಿರುವ ಒಂದು ಪುಟ್ಟ ದ್ವೀಪದ ಮೇಲೆ ಗುಂಡಿನ ಮಳೆಯ ನಡುವೆ ಇಳಿದರು. ಅವರಲ್ಲಿ 7 ಮಂದಿ ತಿರುಗಿ ಬರಲಿಲ್ಲ. ಗೋವಾ, ದಮನ್, ದಿಯು ಮೂರೂ ಸೇರಿ ಇಡೀ 'ಆಪರೇಷನ್ ವಿಜಯ್'ದಲ್ಲಿ ಭಾರತದ ಕಡೆ ಮಡಿದವರು 22 ಮಂದಿ. ಅಂದರೆ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಬಲಿ ಈ ಒಂದು ದ್ವೀಪದಲ್ಲೇ ಆಯಿತು. ಆ ದ್ವೀಪದ ಹೆಸರು ಅಂಜುದೀವ್.

ಕೋಪರಖೈರಣೆ, ವಾಶಿ, ಡೊಂಬಿವಲಿಗಳಲ್ಲಿ ಇರುವ ನಮ್ಮ ಕರಾವಳಿಯ ಎಷ್ಟೋ ಮನೆಗಳವರು ವರ್ಷಕ್ಕೆ ಒಂದೆರಡು ಸಲ ಮತ್ಸ್ಯಗಂಧ ಹಿಡಿದು ಕಾರವಾರ ದಾಟಿಯೇ ಊರಿಗೆ ಹೋಗುತ್ತಾರೆ. ಆದರೂ ಈ ಹೆಸರು ಕೇಳಿದವರು ಕಡಿಮೆ. ಕಾರವಾರದ ದಕ್ಷಿಣಕ್ಕೆ, ಬಿಣಗಾ ಊರಿನ ಎದುರು ಸಮುದ್ರದಲ್ಲಿ, ದಡದಿಂದ ಎರಡು ಕಿಲೋಮೀಟರಿನಷ್ಟು ದೂರದಲ್ಲಿ ಇದೆ. ವಿಸ್ತಾರ ಸುಮಾರು ಒಂದೂವರೆ ಚದರ ಕಿಲೋಮೀಟರು. ಅಂಕೋಲೆಯ ಆರ್ಯಾದುರ್ಗೆ ಮೂಲದಲ್ಲಿ ಈ ದ್ವೀಪದ ದೇವಿ, ದ್ವೀಪಕ್ಕೆ ಹೆಸರೂ ಅವಳಿಂದಲೇ ಬಂತು ಎಂಬ ಪ್ರತೀತಿ ಆ ಕಡೆ ಇದೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ತಂಗಿದ್ದ. 1505ರಲ್ಲಿ ಪೋರ್ಚುಗೀಸರು ಇಲ್ಲಿ ಕೋಟೆ ಕಟ್ಟಿದರು. ಸ್ವಾತಂತ್ರ್ಯ ಬಂದು 14 ವರ್ಷ ಕಳೆದರೂ ಕನ್ನಡ ಕರಾವಳಿಯ ಬಾಗಿಲಲ್ಲೇ ಪೋರ್ಚುಗೀಸ್ ಬಾವುಟ ಹಾರುತ್ತಿತ್ತು.

ಕಿಡಿ ಹತ್ತಿದ್ದೂ ಈ ದ್ವೀಪದಿಂದಲೇ. 1961ರ ನವೆಂಬರಿನಲ್ಲಿ ಹತ್ತಿರದಲ್ಲಿ ಸಾಗುತ್ತಿದ್ದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೆ ದ್ವೀಪದ ಪೋರ್ಚುಗೀಸ್ ಸೈನಿಕರು ಗುಂಡು ಹಾರಿಸಿದರು. ಮೀನುಗಾರರ ದೋಣಿಗಳ ಮೇಲೂ ಗುಂಡು ಬಿತ್ತು. ಆಗ ಕೊಂಕಣ ರೈಲ್ವೆ ಇರಲಿಲ್ಲ, ಅದು ಪೂರ್ತಿಯಾದದ್ದು 1998ರಲ್ಲಿ. ಆ ಕಾಲದಲ್ಲಿ ಕರಾವಳಿಯ ಜನಕ್ಕೆ ಮುಂಬಯಿಗೆ ಬರಲು ಆಗಬೋಟೇ ದೊಡ್ಡ ಆಸರೆ. ಹಾಗಾಗಿ ಹಡಗಿನ ಮೇಲೆ ಗುಂಡು ಎಂದರೆ ಅದು ದೂರದ ದೆಹಲಿಯ ರಾಜಕೀಯವಲ್ಲ, ಮನೆಮಂದಿ ಓಡಾಡುವ ದಾರಿಯ ಪ್ರಶ್ನೆಯೇ ಆಗಿತ್ತು. ಡಿಸೆಂಬರ್ 1ರಿಂದಲೇ ನಮ್ಮ ಯುದ್ಧನೌಕೆಗಳು ಗೋವಾ ಸಮುದ್ರದಲ್ಲಿ ಗಸ್ತು ಶುರು ಮಾಡಿದವು.

ಭೂಸೇನೆ ಬೆಳಗಾವಿಯ ಕಡೆ ಜಮಾಯಿಸಿತು. ನೌಕಾಪಡೆಯ ಕೆಲಸಗಳಲ್ಲಿ ಅಂಜುದೀವ್ ಹಿಡಿಯುವುದೂ ಒಂದು. ಅದು 'ಐ.ಎನ್.ಎಸ್. ಮೈಸೂರು' ಮತ್ತು 'ಐ.ಎನ್.ಎಸ್. ತ್ರಿಶೂಲ್' ಹಡಗುಗಳ ಪಾಲಿಗೆ ಬಂತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಸಮುದ್ರದಿಂದ ಶತ್ರುವಿನ ದಡಕ್ಕೆ ಇಳಿಯುವುದು ಯುದ್ಧದಲ್ಲೇ ಅತಿ ಕಷ್ಟದ ಕೆಲಸಗಳಲ್ಲಿ ಒಂದು. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಮಿತ್ರಪಡೆಗಳು ಇಳಿದಾಗ ಸಾವಿರಾರು ಹಡಗು-ದೋಣಿಗಳು, ತಿಂಗಳುಗಟ್ಟಲೆಯ ತಾಲೀಮು ಬೇಕಾಯಿತು. ದೊಡ್ಡ ಹಡಗಿಗೆ ಆಳ ನೀರು ಬೇಕು, ಅದು ದಡಕ್ಕೆ ಬರಲಾರದು. ಸೈನಿಕರು ಸಣ್ಣ ದೋಣಿಗೆ ಇಳಿದು, ಬಯಲು ನೀರಿನಲ್ಲಿ ಮೆಲ್ಲಗೆ ಸಾಗಬೇಕು. ಮರೆ ಎಂಬುದಿಲ್ಲ. ದಡದವನು ಬಂಡೆಯ ಹಿಂದೆ ಕುಳಿತು ಗುರಿ ಇಡುತ್ತಾನೆ. ಕೊನೆಯ ಕೆಲವು ನೂರು ಗಜ ದೂರದಲ್ಲಿ ಹಡಗಿನ ಫಿರಂಗಿಯೂ ಸುಮ್ಮನಾಗಬೇಕಾಗುತ್ತದೆ, ಇಲ್ಲದಿದ್ದರೆ ನಮ್ಮ ಗುಂಡು ನಮ್ಮವರಿಗೇ ತಗಲುತ್ತದೆ. ಇಂಥ ಕೆಲಸಕ್ಕೆಂದೇ ತಯಾರಾದ ಪಡೆ ಆಗ ನಮ್ಮಲ್ಲಿ ಇರಲಿಲ್ಲ. ನೌಕಾಪಡೆಯ ಕಮಾಂಡೊ ದಳ ಹುಟ್ಟಿದ್ದು 1987ರಲ್ಲಿ. ಅಂಜುದೀವಿಗೆ ಹೊರಟವರು ನಾವಿಕರು, ಹಡಗಿನ ಕೆಲಸದ ಜನ. ಅವರ ಮುಂದಾಳು ಲೆಫ್ಟಿನೆಂಟ್ ಅರುಣ್ ಆಡಿಟ್ಟೊ.

ಮೊದಲ ತಂಡ ದಡ ಹತ್ತಿತು. ಭಾರತದ ಕಡೆಯ ವಿವರಣೆಯಂತೆ, ದ್ವೀಪದಲ್ಲಿ ಬಿಳಿ ಬಾವುಟ ಕಾಣಿಸಿತ್ತು. ಎರಡನೆಯ ತಂಡ ನೀರಿನಲ್ಲಿರುವಾಗಲೇ ಮೆಷಿನ್‌ಗನ್ ಗುಂಡು ಸುರಿಯಿತು. 7 ಮಂದಿ ಸತ್ತರು, ಗಾಯಗೊಂಡವರು ಅದರ ಎರಡು ಪಟ್ಟಿಗೂ ಹೆಚ್ಚು. ಬಳಿಕ ಹಡಗುಗಳ ಫಿರಂಗಿಗಳು ಬಾಯಿ ತೆರೆದವು. ಮರುದಿನ, ಡಿಸೆಂಬರ್ 19ರಂದು ದ್ವೀಪ ಪೂರ್ತಿ ಕೈವಶವಾಯಿತು. ಅಂದು ರಾತ್ರಿ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಶರಣಾಗತಿಗೆ ಸಹಿ ಹಾಕಿದ. ಕೊನೆಯ ಸೈನಿಕನವರೆಗೆ ಹೋರಾಡಿ ಎಂದು ಲಿಸ್ಬನ್ನಿನ ಸರ್ವಾಧಿಕಾರಿ ಸಾಲಜಾರ್ ಕಳಿಸಿದ್ದ ಆಜ್ಞೆಯನ್ನು ಆತ ಪಾಲಿಸಲಿಲ್ಲ. ಪಾಲಿಸಿದ್ದರೆ ಅಂಜುದೀವಿನಂಥವು ಗೋವಾದಲ್ಲಿ ಇನ್ನೆಷ್ಟು ಆಗುತ್ತಿದ್ದವೋ.

ದ್ವೀಪದ ಕಥೆ ಅಷ್ಟಕ್ಕೇ ಮುಗಿಯಲಿಲ್ಲ. ಮೂವರು ಬಂಡೆಗಳ ಸಂದಿಯಲ್ಲಿ ಅಡಗಿದ್ದರು. ಅವರಲ್ಲಿ ಕೊನೆಯವನು ಮ್ಯಾನುಯೆಲ್ ಕಾಯ್ತಾನ್, ಪೋರ್ಚುಗೀಸನಲ್ಲ, ಗೋವಾದವನೇ. ಸಮುದ್ರ ಈಜಿ ನಮ್ಮ ದಡ ಸೇರಿದ ಮೇಲೆ ಡಿಸೆಂಬರ್ 22ರಂದು ಸಿಕ್ಕಿಬಿದ್ದ. ಭಾರತದಲ್ಲಿ ಸೆರೆಯಾದ ಕೊನೆಯ ಪೋರ್ಚುಗೀಸ್ ಸೈನಿಕ ಅವನೇ ಎನ್ನುತ್ತಾರೆ. ಆ ನೀರಿನಲ್ಲಿ ಯಾವ ದೇಶಕ್ಕಾಗಿ ಈಜಿದನೋ ಪಾಪ.

ಇನ್ನು ಆ ಹಡಗಿನ ಮಾತು. 'ಮೈಸೂರು' ಮೂಲತಃ ಬ್ರಿಟಿಷರ 'ನೈಜೀರಿಯಾ', ಎರಡನೆಯ ಮಹಾಯುದ್ಧ ಕಂಡ ಕ್ರೂಸರ್. 1957ರ ಆಗಸ್ಟ್ 29ರಂದು ನಮ್ಮ ನೌಕಾಪಡೆಗೆ ಸೇರಿತು. ಲಾಂಛನದಲ್ಲಿ ನಮ್ಮ ಗಂಡಭೇರುಂಡ. 6 ಇಂಚಿನ 9 ಫಿರಂಗಿಗಳು. 1985ರಲ್ಲಿ ನಿವೃತ್ತಿ. ಅದೇ ಹೆಸರಿನ ಈಗಿನ ಹಡಗು ಕಟ್ಟಿದ್ದು ನಮ್ಮ ಮಜಗಾಂವ್ ಡಾಕಿನಲ್ಲೇ, 1999ರ ಜೂನ್ 2ರಂದು ಸೇವೆಗೆ ಬಂತು.

ಮುಂಬಯಿಗೂ ಈ ದ್ವೀಪಕ್ಕೂ ಇನ್ನೂ ಹಳೆಯ ನಂಟೊಂದಿದೆ. 1661ರ ಮದುವೆ ಒಪ್ಪಂದದಲ್ಲಿ ಮುಂಬಯಿ ಇಂಗ್ಲೆಂಡಿನ ರಾಜನಿಗೆ ವರದಕ್ಷಿಣೆಯಾಗಿ ಬಂತೆಂದು ಶಾಲೆಯಲ್ಲಿ ಓದಿದ್ದೇವೆ. ಆದರೆ ಮರುವರ್ಷ ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನಿಕರಿಗೆ ಪೋರ್ಚುಗೀಸರು ಊರು ಬಿಟ್ಟುಕೊಡಲಿಲ್ಲ. ಅಬ್ರಹಾಂ ಶಿಪ್ಮನ್ ಎಂಬ ಅಧಿಕಾರಿ ತನ್ನ ನಾನ್ನೂರಕ್ಕೂ ಹೆಚ್ಚು ಜನರೊಂದಿಗೆ ಇದೇ ಅಂಜುದೀವಿನಲ್ಲಿ ಇಳಿದು ಕಾಯಬೇಕಾಯಿತು. ಕಾಯಿಲೆಗೆ ಸಿಕ್ಕಿ ಶಿಪ್ಮನ್ ಸತ್ತ, ಸೈನಿಕರಲ್ಲಿ ಬಹುಪಾಲು ಸತ್ತರು. ಉಳಿದ ನೂರರ ಆಸುಪಾಸಿನ ಮಂದಿಯನ್ನು ಕಟ್ಟಿಕೊಂಡು ಹಂಫ್ರಿ ಕುಕ್ 1665ರ ಫೆಬ್ರವರಿಯಲ್ಲಿ ಮುಂಬಯಿ ಪಡೆದ.

ಈಗ ದ್ವೀಪ ಆಡಳಿತದ ಲೆಕ್ಕದಲ್ಲಿ ಗೋವಾಕ್ಕೆ ಸೇರಿದ್ದು, ಇರುವುದು ಕಾರವಾರದ ನೌಕಾನೆಲೆಯ ಒಳಗೆ. 1986ರಲ್ಲಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದ 'ಸೀಬರ್ಡ್' ಯೋಜನೆಯಿಂದ 2005ರಲ್ಲಿ 'ಐ.ಎನ್.ಎಸ್. ಕದಂಬ' ತಲೆಯೆತ್ತಿತು. ಅದಕ್ಕಾಗಿ ಕಾರವಾರ, ಅಂಕೋಲೆಯ ಹಳ್ಳಿಗಳ ಸಾವಿರಾರು ಕುಟುಂಬಗಳು ಎದ್ದು ಹೋದವು. ಆಗ್ರಿ, ಕೋಳಿ ಜನರ ಹೊಲಗದ್ದೆಗಳ ಮೇಲೆ ಎದ್ದ ನವಿ ಮುಂಬಯಿಯಲ್ಲಿ ಕುಳಿತು ಓದುವ ನಮಗೆ ಅದರ ಬೆಲೆ ವಿವರಿಸಬೇಕಾಗಿಲ್ಲ. ದ್ವೀಪದ ಹಳೆಯ ಇಗರ್ಜಿಯ ಹಬ್ಬಕ್ಕೆ ಮೊದಲು ಗೋವಾದಿಂದ ಜನ ದೋಣಿಯಲ್ಲಿ ಬರುತ್ತಿದ್ದರು. ಭದ್ರತೆಯ ಕಾರಣಕ್ಕೆ ಅದೂ ನಿಂತಿತು. ಮಡಿದ ಏಳು ಮಂದಿಯ ನೆನಪಿಗೆ 'ಐ.ಎನ್.ಎಸ್. ಗೋಮಾಂತಕ' ನೆಲೆಯಲ್ಲಿ ಸ್ಮಾರಕವಿದೆ. ಸಾಮಾನ್ಯರು ದ್ವೀಪಕ್ಕೆ ಹೋಗುವಂತಿಲ್ಲ. ಕಾರವಾರದ ಟಾಗೋರ್ ಕಡಲತೀರದಲ್ಲಿ 'ಚಪಲ್' ಯುದ್ಧನೌಕೆಯ ಸಂಗ್ರಹಾಲಯ ಇದೆ. ಸಾವಿರಾರು ಜನ ಫೋಟೊ ತೆಗೆಸಿಕೊಳ್ಳುವುದು ಅಲ್ಲಿ, ಆದರೆ ಆ ಹಡಗು 1961ನ್ನು ನೆನಪಿಸುವುದಿಲ್ಲ.

ಅಂದು ಕಾರವಾರ, ಬಿಣಗಾ, ಅರ್ಗಾ, ಮಾಜಾಳಿಗಳಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಅವರಲ್ಲಿ ಕೆಲವರು ನಿಮ್ಮ ಕಟ್ಟಡದಲ್ಲೋ, ಪಕ್ಕದ ಸೆಕ್ಟರಿನಲ್ಲೋ ಮಗನ ಮನೆಯಲ್ಲಿ ಇರಬಹುದು. ಫಿರಂಗಿಯ ಸದ್ದು ಕೇಳಿಸಿತ್ತೇ, ದೋಣಿಗಳನ್ನು ಯಾರು ತಡೆದರು, ಮನೆಯಲ್ಲಿ ಹಿರಿಯರು ಏನು ಹೇಳಿದರು ಎಂದು ಕೇಳಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು, ಊರಿನ ಹೆಸರಿನೊಂದಿಗೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಕಳಿಸಿಕೊಡಿ. ಡಿಸೆಂಬರ್ 18ಕ್ಕೆ ಎರಡು ವಾರ ಮೊದಲು ತಲುಪಿದರೆ ಅಂದಿನ ಪ್ರಸಾರದಲ್ಲಿ ಓದುತ್ತೇವೆ.